ಮಿಲ್ಕ್‌ಎಂಟ್ರಿಗೆ ಬಾಲ ಬಂದ ಮೇಲೆ

ಮಂಡ್ಯದಲ್ಲಿ ಕೂತು ಹಳ್ಳಿ ಡೈರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಮೂರು ವರ್ಷದ ಹಿಂದೆ ಒಂದು ಸಂಜೆ 'ಫ್ಯಾಟ್' ಅನ್ನೋ ಫೀಲ್ಡ್‌ನ ಹೆಸರನ್ನ 'ಫ್ಯಾಟ್‌ಪರ್ಸೆಂಟ್' ಅಂತ ಬದಲಿಸಿ, ಅಪ್‌ಡೇಟ್ ಕಳಿಸಿ ಮಲಗಿದೆ. ಬೆಳಿಗ್ಗೆ ಆರೂವರೆಗೆ ಸೆಕ್ರೆಟರಿ ಫೋನು: "ಏನ್ ಸಾರ್, ಕ್ಯಾನ್ ಹಿಡ್ಕಂಡು ಜನ ನಿಂತವ್ರೆ, ಚೀಟಿನೇ ಬತ್ತಿಲ್ಲ!" ಸ್ಟ್ರಿಂಗ್ (ಕೋಟ್ಸ್ ಒಳಗಿನ ಬರೀ ಅಕ್ಷರ) ಜೋಡಿಸಿ ಕಟ್ಟಿದ್ದ ಕ್ವೆರಿಯೊಳಗೆ, ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆಯೊಳಗೆ, ಹಳೇ ಹೆಸರು ಹಾಗೇ ಉಳಿದಿತ್ತು. ಕೋಡನ್ನ ಓಡೋಕೆ ಮುಂಚೆ ಪರೀಕ್ಷಿಸೋ ಕಂಪೈಲರ್ ಕೋಟ್ಸ್ ಒಳಗಿನದನ್ನ ಓದಲ್ಲವಲ್ಲ.

ಅವತ್ತೇ ಜಾವಾ ಕ್ಲಾಸನ್ನ ಡೇಟಾಬೇಸ್ ಟೇಬಲ್ಲಿಗೆ ಜೋಡಿಸೋ ಲೈಬ್ರರಿ ಹೈಬರ್ನೇಟ್‌ನ ಮೆಟಾಮಾಡೆಲ್ ಜನರೇಟರ್ ಹಾಕ್ಕೊಂಡೆ. ಪುಕ್ಕಟೆ ಮಾಲು. ಜಾವಾದ ಡೇಟಾಬೇಸ್ ನಿಯಮಾವಳಿ ಜೆಪಿಎ 2.0 ಬಂದ 2009ರ ಕಾಲದ್ದು, ನಾನೇ ಲೇಟು. ಕಂಪೈಲ್ ಆಗುವಾಗ ಅದು ಪ್ರತಿ ಎಂಟಿಟಿಗೂ (ಒಂದು ಟೇಬಲ್ಲನ್ನ ಪ್ರತಿನಿಧಿಸೋ ಕ್ಲಾಸಿಗೂ) ಒಂದು ಜೊತೆಗಾರ ಕ್ಲಾಸ್ ಹುಟ್ಟಿಸುತ್ತೆ. ಹೆಸರು ಅದೇ, ಕೊನೆಗೊಂದು ಅಂಡರ್‌ಸ್ಕೋರ್ ಬಾಲ. 'ಮಿಲ್ಕ್‌ಎಂಟ್ರಿ' ಬರೆದು, ಬಾಲ ಹಚ್ಚಿ, ಚುಕ್ಕಿ ಇಟ್ಟರೆ ಸಾಕು: ಫ್ಯಾಟು, ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ), ಲೀಟರು, ದಿನಾಂಕ ಎಲ್ಲ ಡೈರಿ ಮುಂದಿನ ಕ್ಯಾನುಗಳ ಥರ ಸಾಲಾಗಿ ನಿಲ್ತವೆ. 'ದಿನಾಂಕ ಐದಕ್ಕಿಂತ ಜಾಸ್ತಿ' ಅಂತ ಬರೆಯೋಕೆ ಹೋದ್ರೆ ಅಲ್ಲೇ ಕೆಂಪು ಗೆರೆ. ಬೆಳಿಗ್ಗೆ ಒಲೆ ಮೇಲೆ ಕಾಫಿಗೆ ಹಾಲಿಟ್ಟು, ಕೋಡ್ ಬಿಲ್ಡ್ ಮಾಡೋ ಟೂಲು ಮೇವನ್ ಓಡಿಸ್ತೀನಿ; ಹಾಲು ಉಕ್ಕೋದ್ರೊಳಗೆ ಬಿಲ್ಡ್ ಮುಗಿದ್ರೆ ಆ ದಿನ ಚೆನ್ನಾಗಿದೆ ಅಂತ ಲೆಕ್ಕ.

ಈ ಸುಖಕ್ಕೆ ಕಲ್ಲು ಬಿದ್ದಿದ್ದು ಜಾವಾ 23ಕ್ಕೆ ಹೋದಾಗ. ಬಾಲದ ಕ್ಲಾಸುಗಳೆಲ್ಲ ಮಾಯ, ಪರದೆ ತುಂಬ 'ಸಿಂಬಲ್ ಸಿಗ್ತಿಲ್ಲ'. ಎರಡು ದಿನ ಕ್ಯಾಶ್ ಅಳಿಸಿದೆ, ಕೋಡ್ ಬರೆಯೋ ಐಡಿಇ ಮತ್ತೆ ಹಾಕಿದೆ, ಲ್ಯಾಪ್‌ಟಾಪಿಗೂ ಬೈದೆ. ಆಗಿದ್ದು ಇಷ್ಟೇ: ಕ್ಲಾಸ್‌ಪಾತ್‌ನಲ್ಲಿ (ಲೈಬ್ರರಿಗಳ ಪಟ್ಟಿಯಲ್ಲಿ) ಸುಮ್ಮನೆ ಬಿದ್ದಿರೋ ಅನೋಟೇಶನ್ ಪ್ರೊಸೆಸರನ್ನ, ಅಂದ್ರೆ ಈ ಜನರೇಟರ್ ಥರದ್ದನ್ನ, ಆ ಆವೃತ್ತಿಯಿಂದ ಜಾವಾದ ಕಂಪೈಲರ್ ಜಾವಾಕ್ ತಾನಾಗಿ ಓಡಿಸಲ್ಲ. ಮದುವೆಗೆ ಕರೆಯೋ ಹಾಗೆ ಹೆಸರು ಹಿಡಿದು ಕರೀಬೇಕು. ಮೇವನ್ ಓದೋ ಪೋಮ್ ಫೈಲಲ್ಲಿ ಪ್ರೊಸೆಸರ್ ಪಾತ್ ಬರೆದ ಮೇಲೆ ಎಲ್ಲ ವಾಪಸ್ ಬಂತು. ಅಷ್ಟಕ್ಕೆ ಎರಡು ದಿನ!

ಸಿಟ್ಟಲ್ಲಿ ನೋಡಿದಾಗ ಇನ್ನೂ ಕೆಲವು ಹುಳುಕು ಕಂಡವು. ಸ್ಟ್ರಿಂಗ್ ಬದಲು ಈ ಬಾಲದ ಕ್ಲಾಸುಗಳಿಂದ ಕ್ವೆರಿ ಕಟ್ಟೋ ಜೆಪಿಎ ಕ್ರೈಟೀರಿಯಾದ 'ಈಕ್ವಲ್' ಮೆಥಡ್ ಯಾವ ಆಬ್ಜೆಕ್ಟ್ ಕೊಟ್ರೂ ನುಂಗುತ್ತೆ. ಫ್ಯಾಟಿಗೆ ರೈತರ ಹೆಸರು ಹೋಲಿಸಿದ್ರೂ ಕಂಪೈಲರ್ ತುಟಿ ಬಿಚ್ಚಲ್ಲ. ಇನ್ನು ಟೇಬಲ್‌ನಲ್ಲೇ ಕಾಲಂ ಹೆಸರು ಬದಲಾದ್ರೆ ಇದಕ್ಕೆ ಗೊತ್ತೇ ಆಗಲ್ಲ, ಇದು ನೋಡೋದು ಎಂಟಿಟಿಯ ಮುಖ ಮಾತ್ರ.

ಆದ್ರೂ ತೆಗೆದುಹಾಕಲ್ಲ. ಮೊನ್ನೆ 'ಲೀಟರ್' ಹೆಸರು ಬದಲಿಸಿದಾಗ ಹನ್ನೊಂದು ಜಾಗ ಒಡೆದವು, ಹನ್ನೊಂದೂ ನನ್ನ ಮೇಜಿನ ಮೇಲೇ. ಬಟವಾಡೆ ರಿಪೋರ್ಟ್ ಒಂದು ಮಾತ್ರ ಇನ್ನೂ ಹಳೇ ಸ್ಟ್ರಿಂಗಲ್ಲೇ ಇದೆ. ಸ್ಟ್ರಿಂಗಲ್ಲಿ ಎಂಟು ಸಾಲಿರೋದು ಕ್ರೈಟೀರಿಯಾದಲ್ಲಿ ಮೂವತ್ತು ದಾಟಿತು, ಬಿಟ್ಟುಬಿಟ್ಟೆ. ಅದನ್ನ ಮುಟ್ಟಿದ ರಾತ್ರಿ ಫೋನ್ ದಿಂಬಿನ ಪಕ್ಕ ಇಟ್ಕೊಂಡೇ ಮಲಗ್ತೀನಿ.