ಗಿಂಪ್ ಜೊತೆ ಏಳೆಂಟು ವರ್ಷ: ಲೇಯರ್, ಮಾಸ್ಕ್ ಮತ್ತು ಒಂದು ಕೇದಗೆ ಮುಂದಲೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಸೈನ್ ಅಂಗಡಿ ಇದೆ. ಯಕ್ಷಗಾನದ ಪೋಸ್ಟರ್, ಮದುವೆ ಬ್ಯಾನರ್, ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್, ಎಲ್ಲ ಕೆಲಸವೂ ಬರುತ್ತದೆ. ಫೋಟೋ ತಿದ್ದುವ ತಂತ್ರಾಂಶ ಗಿಂಪ್‌ನ 2.10 ಆವೃತ್ತಿ 2018ರಲ್ಲಿ ಬಂದಾಗ ಕಂಪ್ಯೂಟರಿಗೆ ಹಾಕಿಕೊಂಡೆ. ದುಡ್ಡು ಕೊಡಬೇಕಿಲ್ಲ ಅನ್ನುವುದೊಂದೇ ಆಗ ಕಾರಣ. ಇವತ್ತಿಗೂ ಬಿಡದೆ ಬಳಸುತ್ತಿರುವುದು ಅದರ ಲೇಯರ್ ಮಾಸ್ಕ್‌ಗಾಗಿ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರ, ಮಾಸ್ಕ್ ಅಂದರೆ ಆ ಪದರದ ಎಷ್ಟು ಭಾಗ ಕಾಣಬೇಕು ಎಂದು ಹೇಳುವ ಮುಸುಕು.

ಮೊದಲ ವರ್ಷ ಒಂದು ಯಕ್ಷಗಾನ ಆಟದ ಪೋಸ್ಟರ್ ಮಾಡಬೇಕಿತ್ತು. ಅಭಿಮನ್ಯು ವೇಷದ ಫೋಟೋ. ತಲೆಯ ಮೇಲೆ ಕೇದಗೆ ಮುಂದಲೆ ಎಂಬ ಕಪ್ಪು ಬಟ್ಟೆಯ ಮುಂಡಾಸು, ಹಿಂದೆ ರಂಗದ ಕತ್ತಲು. ಕಪ್ಪು ಬಟ್ಟೆ ಎಲ್ಲಿ ಮುಗಿಯಿತು, ಕತ್ತಲು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಇರೇಸರ್ ಹಿಡಿದು ಹಿನ್ನೆಲೆ ಅಳಿಸಿದೆ, ಸೇವ್ ಮಾಡಿ ಮುಚ್ಚಿದೆ. ಮರುದಿನ ಹಿರಿಯ ಭಾಗವತರೊಬ್ಬರು ನೋಡಿ, "ತಮಾ, ಮುಂದಲೆ ತುದಿ ಎಲ್ಲೋತು?" ಅಂದರು. ಫೈಲ್ ಮುಚ್ಚಿದ ಮೇಲೆ ಅನ್‌ಡೂ ಕೂಡ ಉಳಿಯುವುದಿಲ್ಲ. ಮೂಲ ಫೋಟೋ ತಂದು ಮೊದಲಿಂದ ಮಾಡಬೇಕಾಯಿತು.

ಅವತ್ತಿನಿಂದ ಅಳಿಸುವುದನ್ನೇ ಬಿಟ್ಟೆ. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ, ಆಡ್ ಲೇಯರ್ ಮಾಸ್ಕ್ ಒತ್ತಿ, ಬಿಳಿ ಆರಿಸಿ. ಮಾಸ್ಕ್ ಮೇಲೆ ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ. ಬಿಳಿ ಬಳಿದರೆ ಮತ್ತೆ ಬರುತ್ತದೆ. ಬೂದು ಬಳಿದರೆ ಅರೆಬರೆ ಕಾಣುತ್ತದೆ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಈ ಪಾರದರ್ಶಕತೆಗೆ 0ಯಿಂದ 255ರವರೆಗೆ ಹಂತಗಳಿವೆ. ಮುಂದಲೆಯ ಅಂಚಿಗೆ, ಬಿಚ್ಚಿದ ಕೂದಲಿಗೆ, ತೆಳು ಸೆರಗಿಗೆ ಬೇಕಾಗುವುದು ಈ ನಡುವಿನ ಹಂತಗಳೇ. ಪೂರ್ತಿ ಇದೆ, ಪೂರ್ತಿ ಇಲ್ಲ ಎಂದು ಎರಡೇ ಇಟ್ಟುಕೊಂಡರೆ ವೇಷ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಮೆದು ಅಂಚಿನ ಬ್ರಶ್ ಹಿಡಿದು, ಅಪಾಸಿಟಿ (ಬಣ್ಣದ ಗಾಢತೆ) 30ಕ್ಕೆ ಇಳಿಸಿ, ನಿಧಾನಕ್ಕೆ ಬಳಿಯಿರಿ. ಒಂದು ಮುಂದಲೆಗೆ ನನಗೆ ಈಗಲೂ ಅರ್ಧ ಗಂಟೆ ಬೇಕು.

ಇನ್ನೊಂದು ನೆಚ್ಚಿನ ಸಾಧನ ಕಲರ್ ಟು ಆಲ್ಫಾ, ಆರಿಸಿದ ಬಣ್ಣವನ್ನು ಪಾರದರ್ಶಕ ಮಾಡುವಂಥದ್ದು. ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದನ್ನು ಸ್ಕ್ಯಾನ್ ಮಾಡಿ ಕೊಡುವವರಿದ್ದಾರೆ. ಬಿಳಿ ಬಣ್ಣ ಆರಿಸಿದರೆ ಕಾಗದ ಮಾಯವಾಗಿ ಶಾಯಿ ಮಾತ್ರ ಉಳಿಯುತ್ತದೆ. ಅಕ್ಷರದ ಅಂಚೂ ಒರಟಾಗುವುದಿಲ್ಲ. ಕೊನೆಗೆ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಇರುವುದಿಲ್ಲ, ಖಾಲಿ ಜಾಗಕ್ಕೆ ಬಣ್ಣ ತುಂಬಿಬಿಡುತ್ತದೆ.

ಗಿಂಪ್‌ನಲ್ಲಿ ಕನ್ನಡ ಯೂನಿಕೋಡ್ ಅಕ್ಷರ ಚೆನ್ನಾಗಿ ಕೂರುತ್ತದೆ, ಒತ್ತಕ್ಷರ ಒಡೆಯುವುದಿಲ್ಲ. ನಮ್ಮಂಥವರಿಗೆ ಇದು ದೊಡ್ಡ ವಿಷಯ, ಅಲ್ವಾ?

2025ರ ಮಾರ್ಚ್‌ನಲ್ಲಿ ಗಿಂಪ್ 3.0 ಬಂತು. ಮೊದಲು ಬ್ಲರ್ ಮಾಡಿದರೆ ಅದು ಲೇಯರಿಗೇ ಅಂಟಿಕೊಳ್ಳುತ್ತಿತ್ತು. ಈಗ ಫಿಲ್ಟರ್ ಬೇರೆಯಾಗಿಯೇ ಉಳಿಯುತ್ತದೆ. ಬೇಕೆಂದಾಗ ತಿದ್ದಬಹುದು, ಬೇಡವೆಂದರೆ ತೆಗೆಯಬಹುದು. ಗಿರಾಕಿ ಸಂಜೆ ಬಂದು "ನೆರಳು ಸ್ವಲ್ಪ ಕಡಿಮೆ ಮಾಡಿ" ಅಂದರೆ ಈಗ ಎರಡು ನಿಮಿಷದ ಕೆಲಸ. ಹಲವು ಲೇಯರ್‌ಗಳನ್ನು ಒಟ್ಟಿಗೆ ಆರಿಸಿ ಸರಿಸುವುದಕ್ಕೂ ಬರುತ್ತದೆ.

ಕೊರತೆಯೂ ಇದೆ. ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಬಣ್ಣದಲ್ಲೇ ಕೂತು ಕೆಲಸ ಮಾಡಲು ಆಗುವುದಿಲ್ಲ. ಪರದೆಯ ಮೇಲಿನ ಹೊಳೆಯುವ ಕೆಂಪು ಅಚ್ಚಿನಲ್ಲಿ ಮಂಕಾಗುತ್ತದೆ. ಅದಕ್ಕೇ ದೊಡ್ಡ ಕೆಲಸವಾದರೆ ನಾನು ಮೊದಲು ಒಂದು ಸಣ್ಣ ತುಂಡು ಅಚ್ಚು ಹಾಕಿಸಿ ನೋಡುತ್ತೇನೆ. ದೊಡ್ಡ ಫ್ಲೆಕ್ಸ್ ಆದರೆ ರ‍್ಯಾಮ್ ಕೂಡ ಜಾಸ್ತಿ ಬೇಕು. 8 ಅಡಿಗೆ 4 ಅಡಿ ಬ್ಯಾನರನ್ನು ಇಂಚಿಗೆ 100 ಪಿಕ್ಸೆಲ್ ಲೆಕ್ಕದಲ್ಲಿ ಮಾಡಿದರೆ ಒಂದು ಪೂರ್ತಿ ಲೇಯರಿಗೇ ಸುಮಾರು 180 ಎಂಬಿ. ಅಂಥ ಹದಿನೈದು ಲೇಯರ್ ಇಟ್ಟರೆ ಹಳೆಯ ಕಂಪ್ಯೂಟರ್ ನಿಂತೇ ಹೋಗುತ್ತದೆ.

ಹೊಸದಾಗಿ ಕಲಿಯಲು ಬರುವ ಹುಡುಗರಿಗೆ ಮೊದಲ ದಿನವೇ ಎರಡು ಮಾತು ಹೇಳುತ್ತೇನೆ. ಮೂಲವನ್ನು ಗಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿಯೇ ಸೇವ್ ಮಾಡಿ, ಲೇಯರ್ ಉಳಿಯುವುದು ಅದರಲ್ಲಿ. ಮಳೆಗಾಲದಲ್ಲಿ ಹತ್ತು ನಿಮಿಷಕ್ಕೊಮ್ಮೆ ಸೇವ್ ಒತ್ತಿ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು.