ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ: ಸಣ್ಣ ಬಂಡವಾಳದ ಚಿತ್ರಕ್ಕೆ ಎಷ್ಟು ಸಾಕು?

ಸಣ್ಣ ಬಂಡವಾಳದಲ್ಲಿ ಸ್ವತಂತ್ರವಾಗಿ ಚಿತ್ರ ಮಾಡುವವರ ಹಣ ಸಾಮಾನ್ಯವಾಗಿ ಚಿತ್ರೀಕರಣ ಮುಗಿಯುವ ಹೊತ್ತಿಗೇ ಕರಗಿರುತ್ತದೆ. ಸಂಕಲನಕ್ಕೂ ಧ್ವನಿ ಮಿಶ್ರಣಕ್ಕೂ ಅವರ ಕೈಯಲ್ಲಿ ಉಳಿಯುವುದು ಸಮಯವೊಂದೇ. ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯನ್ನು ಅಳೆಯಬೇಕಾದದ್ದು ಇಂಥವರ ಅಗತ್ಯದಿಂದ. ಹಿಂದೆ ದೊಡ್ಡ ಸ್ಟುಡಿಯೊಗಳಿಗಷ್ಟೇ ಎಟಕುತ್ತಿದ್ದ ಈ ಕಲರ್ ಗ್ರೇಡಿಂಗ್ (ದೃಶ್ಯಗಳ ಬಣ್ಣ, ಬೆಳಕು ಹದಗೊಳಿಸುವ) ವ್ಯವಸ್ಥೆಯನ್ನು ಕಂಪನಿ 2009ರಲ್ಲಿ ಕೊಂಡುಕೊಂಡಿತು. ಮುಂದೆ ಧ್ವನಿಗೆಂದು ಫೇರ್‌ಲೈಟ್, ವಿಎಫ್‌ಎಕ್ಸ್‌ಗೆಂದು (ದೃಶ್ಯ ಪರಿಣಾಮಗಳಿಗೆ) ಫ್ಯೂಷನ್ ಅದರೊಳಗೇ ಸೇರಿಕೊಂಡವು.

ಗ್ರೇಡಿಂಗ್ ವಿಭಾಗವನ್ನು ಎಲ್ಲರೂ ಹೊಗಳುತ್ತಾರೆ, ಆ ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ನನ್ನ ದೃಷ್ಟಿಯಲ್ಲಿ ಸಣ್ಣ ಚಿತ್ರಕ್ಕೆ ಹೆಚ್ಚು ಉಪಕಾರಿಯಾಗುವುದು ಫೇರ್‌ಲೈಟ್. ಬೆಳಕು ತುಸು ಕಡಿಮೆಯಾದ ದೃಶ್ಯವನ್ನು ಪ್ರೇಕ್ಷಕ ಸಹಿಸಿಕೊಳ್ಳುತ್ತಾನೆ, ಕೇಳದ ಸಂಭಾಷಣೆಯನ್ನು ಸಹಿಸುವುದಿಲ್ಲ. ಚಿತ್ರೋತ್ಸವಗಳ ಆಯ್ಕೆದಾರರೂ ಇದಕ್ಕೆ ಹೊರತಲ್ಲ. ಸಂಭಾಷಣೆ, ಪರಿಸರದ ಸದ್ದು, ಸಂಗೀತ ಇವುಗಳನ್ನು ಬೇರೆಬೇರೆ ಬಸ್‌ಗಳಿಗೆ (ಒಂದು ಬಗೆಯ ಸದ್ದುಗಳನ್ನು ಒಟ್ಟುಗೂಡಿಸುವ ದಾರಿಗಳಿಗೆ) ಕಳುಹಿಸಿ, ಲೌಡ್‌ನೆಸ್ ಮೀಟರ್ ನೋಡುತ್ತ ಹದಗೊಳಿಸುವ ಸೌಲಭ್ಯ ಉಚಿತ ಆವೃತ್ತಿಯಲ್ಲೇ ಇದೆ. ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನು ತಗ್ಗಿಸುವ ಸಾಧನಗಳೂ ಇವೆ. ಸಂಕಲನದ ಟೈಮ್‌ಲೈನನ್ನು ಇನ್ನೊಂದು ತಂತ್ರಾಂಶಕ್ಕೆ ಸಾಗಿಸುವ ತಾಪತ್ರಯ ಇಲ್ಲದಿರುವುದರಿಂದ, ಮಿಶ್ರಣದ ನಡುವೆ ಒಂದು ಶಾಟ್‌ನ ಉದ್ದ ಬದಲಾಯಿಸಬೇಕೆನಿಸಿದರೂ ಕೆಲಸ ಕೆಡುವುದಿಲ್ಲ.

ಮಿತಿಗಳೂ ಇವೆ, ಅವುಗಳನ್ನು ಚಿತ್ರೀಕರಣಕ್ಕೆ ಮೊದಲೇ ತಿಳಿದಿರಬೇಕು. ಔಟ್‌ಪುಟ್ 3840×2160ಕ್ಕೆ ಸೀಮಿತ. ಸಣ್ಣ ಚಿತ್ರಕ್ಕೆ ಇದೊಂದು ಕೊರತೆಯೇ ಅಲ್ಲ. ನಿಜವಾಗಿ ಬಾಧಿಸುವುದು ದೃಶ್ಯದ ಮೇಲಿನ ಕಾಳುಕಾಳನ್ನು ಅಳಿಸುವ ನಾಯ್ಸ್ ರಿಡಕ್ಷನ್ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ ಇರುವುದು. ಉಚಿತ ಆವೃತ್ತಿಯಲ್ಲಿ ಅದನ್ನು ಹಾಕಿದರೆ ಚಿತ್ರದ ಮೇಲೆ ವಾಟರ್‌ಮಾರ್ಕ್ ಬೀಳುತ್ತದೆ. ಹಾಗಾಗಿ ರಾತ್ರಿಯ ದೃಶ್ಯಗಳನ್ನು ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿ ತೆಗೆದು ಆಮೇಲೆ ಸರಿಮಾಡೋಣ ಎನ್ನುವವರಿಗೆ ಇದು ಆಗಿಬರುವುದಿಲ್ಲ. ಇನ್ನು, ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 ಎಚ್.264 ಫೈಲುಗಳನ್ನು (ಹೆಚ್ಚು ಬಣ್ಣದ ವಿವರವನ್ನು ಕುಗ್ಗಿಸಿಟ್ಟ ವಿಡಿಯೊ) ವಿಂಡೋಸ್‌ನಲ್ಲಿ ಉಚಿತ ಆವೃತ್ತಿ ಓದುವುದಿಲ್ಲ: ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಅವುಗಳನ್ನು ಹೊರಗೇ, ಸಂಕಲನಕ್ಕೆ ಸಲೀಸಾದ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ವಿಡಿಯೊ ಮಾದರಿಗೆ ಬದಲಾಯಿಸಿಕೊಳ್ಳಬಹುದು, ಆದರೆ ಫೈಲುಗಳು ಹಲವು ಪಟ್ಟು ಊದಿಕೊಂಡು ಹಾರ್ಡ್ ಡಿಸ್ಕ್‌ನ ಖರ್ಚು ಏರುತ್ತದೆ. ಉಚಿತ ತಂತ್ರಾಂಶದ ನಿಜವಾದ ಬೆಲೆ ತೆರಬೇಕಾಗುವುದು ಡಿಸ್ಕ್‌ಗೆ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ.

ಹೊಸಬರು ಎಡವುವುದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ವಿಷಯದಲ್ಲಿ. ಮೊದಲ ಕ್ಲಿಪ್ ಮೀಡಿಯಾ ಪೂಲ್‌ಗೆ (ಫುಟೇಜ್ ಸೇರಿಸುವ ಜಾಗಕ್ಕೆ) ಬಂದ ಮೇಲೆ ಪ್ರಾಜೆಕ್ಟ್‌ನ ಫ್ರೇಮ್ ರೇಟ್ ಬದಲಾಯಿಸಲಾಗದು. ಚಿತ್ರಮಂದಿರಕ್ಕೆ ಬೇಕಾದ ಡಿಸಿಪಿ (ಪ್ರದರ್ಶನಕ್ಕೆ ಕೊಡುವ ಡಿಜಿಟಲ್ ಪ್ರತಿ) ಸಾಮಾನ್ಯವಾಗಿ 24 ಫ್ರೇಮ್‌ಗಳದ್ದು. 23.976ರಲ್ಲಿ ಮುಗಿಸಿದ 100 ನಿಮಿಷದ ಚಿತ್ರವನ್ನು 24ರಲ್ಲಿ ಓಡಿಸಿದರೆ ಸುಮಾರು 6 ಸೆಕೆಂಡು ಕಡಿಮೆಯಾಗುತ್ತದೆ. ಧ್ವನಿಯನ್ನೂ ಅಷ್ಟೇ ಹೊಂದಿಸದಿದ್ದರೆ ಕೊನೆಯ ರೀಲಿನಲ್ಲಿ ತುಟಿಗೂ ಮಾತಿಗೂ ಸಂಬಂಧವಿರುವುದಿಲ್ಲ. ಡಿಸಿಪಿ ತಯಾರಿಕೆಗಂತೂ ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶವಿದೆ.

ವೃತ್ತಿಯ ದೃಷ್ಟಿಯಿಂದ ನೋಡಿದರೆ, ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವಿನ ಖಾಲಿ ಅವಧಿಯಲ್ಲಿ ಹೊಟ್ಟೆಪಾಡಿಗೆ ಆಗುವ ಸಹಾಯಕ ಸಂಕಲನಕಾರ, ಚಿತ್ರೀಕರಣದ ಜಾಗದಲ್ಲಿ ಫುಟೇಜ್ ನೋಡಿಕೊಳ್ಳುವ ಡಿಐಟಿಯಂಥ ಕೆಲಸಗಳಲ್ಲಿ ಈ ತಂತ್ರಾಂಶದ ಪರಿಚಯ ನೆರವಿಗೆ ಬರುತ್ತದೆ. ಕಂಪನಿಯೇ ತರಬೇತಿ ಪುಸ್ತಕಗಳನ್ನೂ ಅಭ್ಯಾಸದ ಫುಟೇಜನ್ನೂ ಉಚಿತವಾಗಿ ಕೊಡುತ್ತದೆ; ಅವು ಅಂತರ್ಜಾಲದ ಬಹುಪಾಲು ವಿಡಿಯೊ ಪಾಠಗಳಿಗಿಂತ ಮೇಲು.

ಸ್ಟುಡಿಯೊ ಆವೃತ್ತಿಗೆ ತಿಂಗಳ ಚಂದಾ ಕಟ್ಟಲೇಬೇಕೆಂದಿಲ್ಲ, ಒಮ್ಮೆ ಕೊಂಡರೆ ಆಯಿತು, ಒಂದು ಕೀ ಎರಡು ಕಂಪ್ಯೂಟರ್‌ಗಳಲ್ಲಿ ನಡೆಯುತ್ತದೆ. ಆದರೂ ಮೊದಲ ಕಟ್ ಸಿದ್ಧವಾಗುವವರೆಗೆ ಅದನ್ನು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಚಿತ್ರದ ನಡುವೆ ಹೊಸ ಆವೃತ್ತಿಗೆ ಜಿಗಿಯುವುದೂ ಬೇಡ: ಹೊಸದರಲ್ಲಿ ತೆರೆದ ಪ್ರಾಜೆಕ್ಟ್ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಜಿಗಿಯಲೇಬೇಕಾದರೆ ಪ್ರಾಜೆಕ್ಟ್‌ಗಳಿರುವ ಡೇಟಾಬೇಸ್‌ನ ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿಟ್ಟುಕೊಳ್ಳಿ.