ಬಿಎಚ್‌ವಿಒ-2 ಲಾವಾ ಪುಡಿ: ಐಟಂ ಸೂಪರ್, ಆದ್ರೆ ಇದೊಂದನ್ನೇ ನಂಬ್ಕೊಂಡು ಕೂರ್ಬೇಡಿ (4/5)

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನೋರ ಬಿಎಚ್‌ವಿಒ-2 ಅನ್ನೋ ಸ್ಟ್ಯಾಂಡರ್ಡ್ ಕಲ್ಲಿನ ಪುಡಿ ತರಿಸ್ಕೊಂಡು ಎರಡು ವರ್ಷ ಆಯ್ತು, ಬಾಟಲಿ ತಳ ಕಾಣ್ತಿದೆ, ಇನ್ನಾದ್ರೂ ರಿವ್ಯೂ ಬರಿಯೋಣ ಅನ್ನಿಸ್ತು. ಹವಾಯಿಯ ಕಿಲಾವೇಯದಲ್ಲಿ 1919ರಲ್ಲಿ ಉಕ್ಕಿ ಹರಿದ ಲಾವಾನ ನುಣ್ಣಗೆ ಅರೆದು ತುಂಬಿರೋ ಪುಡಿ ಇದು. ಬೂದು ಬಣ್ಣ, ನಮ್ಮಮ್ಮ ನೋಡಿದ್ರೆ ಪಾತ್ರೆ ತಿಕ್ಕೋಕೆ ಎತ್ಕೊಂಡು ಹೋಗ್ತಾರೆ. ನಮ್ಮ ಸ್ಯಾಂಪಲ್ ಜತೆ ಇದನ್ನೂ ಆಸಿಡ್‌ನಲ್ಲಿ ಕರಗಿಸಿ ಯಾವ ಧಾತು ಎಷ್ಟಿದೆ ಅಂತ ಅಳೆಯೋ ಐಸಿಪಿ-ಎಂಎಸ್ ಮಷೀನ್‌ಗೆ ಕೊಡ್ತೀವಿ, ಇದರ ನಂಬರ್ ಸರ್ಟಿಫಿಕೇಟ್‌ನಲ್ಲಿ ಇದ್ದಂಗೇ ಬಂತು ಅಂದ್ರೆ ನಮ್ಮ ಕಲ್ಲಿನ ನಂಬರೂ ಸರಿ ಇರುತ್ತೆ ಅಂತ ಧೈರ್ಯ.

ಬೆಳಗಾವಿ ಕಡೆ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್ ಮಾಡ್ತಿದ್ದಾಗ ಒಂದು ದಿನಾನೂ ಕೈಕೊಡ್ಲಿಲ್ಲ. ಈ ಪುಡೀದು ಸ್ಟ್ರಾನ್ಷಿಯಂ 389 ಪಿಪಿಎಂ (ಹತ್ತು ಲಕ್ಷದಲ್ಲಿ 389 ಭಾಗ), ನಿಕಲ್ 119, ಪ್ರತಿ ಬ್ಯಾಚಲ್ಲೂ ಆಸುಪಾಸಲ್ಲೇ ಬರ್ತಿತ್ತು.

ಎಡವಟ್ಟಾಗಿದ್ದು ರಾಮನಗರದ ಗ್ರಾನೈಟ್ ಶುರು ಮಾಡಿದ್ಮೇಲೆ. ಅದೇ ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್), ಅದೇ ನೈಟ್ರಿಕ್, ಅದೇ ಹಾಟ್‌ಪ್ಲೇಟ್, ಚೆಕ್‌ಗೆ ಇದೇ ಬಾಟಲಿ, ಜಿರ್ಕೋನಿಯಂ 172 ಬರ್ಬೇಕು, ಬಂತು, ಎಲ್ಲಾ ಖುಷ್. ಒಂದು ತಿಂಗಳಾದ್ಮೇಲೆ ಅದೇ ಸ್ಯಾಂಪಲ್ಸ್ ಆಸಿಡ್‌ನಲ್ಲಿ ಕರಗಿಸ್ದೆ ಎಕ್ಸ್‌ರೇಲಿ ಅಳೆಯೋ ಎಕ್ಸ್‌ಆರ್‌ಎಫ್‌ಗೆ ಕೊಟ್ವಿ ನೋಡಿ, ನಮ್ಮ ಜಿರ್ಕೋನಿಯಂ ಅದರ ಅರ್ಧಾನೂ ಇಲ್ಲ! ಆಮೇಲೆ ತಲೆಗೆ ಹೊಳೀತು, ಗ್ರಾನೈಟಲ್ಲಿ ಜಿರ್ಕೋನಿಯಂ ಕೂತಿರೋದು ಜಿರ್ಕಾನ್ ಹರಳಲ್ಲಿ, ಆ ಪುಣ್ಯಾತ್ಮ ತೆರೆದ ಬೀಕರ್‌ನಲ್ಲಿ ಜಪ್ಪಯ್ಯ ಅಂದ್ರೂ ಕರಗಲ್ಲ, ತಳದಲ್ಲೇ ಕೂತಿರ್ತಾನೆ. ಈ ಲಾವಾಲಿ ಆ ಕಾಟ ಇಲ್ಲ, ಎಲ್ಲಾ ಸಲೀಸಾಗಿ ಕರಗಿಹೋಗುತ್ತೆ. ಅಂದ್ರೆ ಸುಲಭದ ಪೇಪರ್ ಬರೆಸಿ ಹುಡುಗನ್ನ ಪಾಸ್ ಮಾಡಿದಂಗಾಯ್ತು ನಮ್ಮ ಕಥೆ. ತಪ್ಪು ಪುಡೀದಲ್ಲ, ನಮ್ದೇ. ಹ್ಯಾಫ್ನಿಯಂ, ಭಾರದ ರೇರ್ ಅರ್ತ್‌ಗಳೂ ಅದರ ಜತೆಗೇ ಕಮ್ಮಿ ಬಂದಿದ್ವು, ಎಲ್ಲಾನೂ ಲಿಥಿಯಂ ಮೆಟಾಬೋರೇಟ್ ಫ್ಯೂಷನ್‌ಗೆ (ಆ ಪುಡಿ ಜತೆ ಕಾಯಿಸಿ ಕಲ್ಲನ್ನ ಪೂರ್ತಿ ಕರಗಿಸೋದು) ಹಾಕಿ ಮೊದಲಿಂದ ಮಾಡಿದ್ವಿ. ಗ್ರಾನೈಟ್ ಜಾತಿ ಕಲ್ಲಿಗೆ ಇದೇ ಥರದ ಇನ್ನೊಂದು ಸ್ಟ್ಯಾಂಡರ್ಡ್ ಪುಡಿ, ಕೊಲೊರಾಡೋದ ಜಿಎಸ್‌ಪಿ-2 ಇಟ್ಕೊಳ್ಳಿ, ಅದರಲ್ಲಿ ಜಿರ್ಕೋನಿಯಂ 550, ಕರಗದೇ ಉಳಿದ್ರೆ ತಕ್ಷಣ ಗೊತ್ತಾಗುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಸೀಸಕ್ಕೆ. ಪುಡಿ ಮಾಡೋ ಹಂತದಲ್ಲೇ ಹೊರಗಿನ ಸೀಸ ಸೇರ್ಕೊಂಡಿದೆ, ಅದೂ ಎಲ್ಲಾ ಕಡೆ ಒಂದೇ ಥರ ಇಲ್ಲ, ಹಾಗಾಗಿ ಸೀಸದ ಐಸೊಟೋಪ್ ಮಾಡೋರು ಲೀಚ್ ಮಾಡ್ದೆ (ಆಸಿಡ್‌ನಲ್ಲಿ ತೊಳೆದು ಆ ಹೊರಗಿನ ಸೀಸ ತೆಗೀದೆ) ನೇರವಾಗಿ ಹಾಕಿದ್ರೆ ಒಂದೊಂದ್ಸಲ ಒಂದೊಂದು ಉತ್ತರ. ನಾವೂ ನಗೋ ಹಾಗಿಲ್ಲ, ನಮ್ಮ ಟಂಗ್‌ಸ್ಟನ್ ಕಾರ್ಬೈಡ್ ಮಿಲ್ ಕಲ್ಲಿಗೆ ಕೋಬಾಲ್ಟ್ ತಿನ್ಸುತ್ತೆ.

ಡೆಲಿವರಿ ಬಗ್ಗೆ ಕೇಳ್ಬೇಡಿ, ಕ್ಲಿಯರಿಂಗ್ ಏಜೆಂಟ್ ಬಿಳಿ ಮುಚ್ಚಳದ ಡಬ್ಬಿ, ಒಳಗೆ ಪುಡಿ ಅಂತ ನೋಡಿ ಐದು ವಾರ ಆಡಿಸಿದ, "ಸರ್ ಇದು ಬರೀ ಕಲ್ಲಾ?" ಅಂತ ನಾಲ್ಕು ಸಲ ಫೋನು. ಬರೀ ಕಲ್ಲೇ ಕಣಪ್ಪ!

ಇನ್ನೊಂದು, ಇದರಲ್ಲೇ ಮಷೀನ್ ಕ್ಯಾಲಿಬ್ರೇಟ್ ಮಾಡಿ ಇದರಲ್ಲೇ ಚೆಕ್ ಮಾಡೋರನ್ನ ನೋಡಿದೀನಿ, ಹಾಗೆ ಮಾಡಿದ್ರೆ ಯಾವಾಗ್ಲೂ ಪಾಸೇ. ಬೇರೆ ಲ್ಯಾಬ್‌ನೋರ ನಂಬರ್ ಬೇಕಂದ್ರೆ ಜಿಯೋರೆಮ್ ಅನ್ನೋ ಆನ್‌ಲೈನ್ ಡೇಟಾಬೇಸ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ನಾವು ಮತ್ತೊಂದು ಬಾಟಲಿ ಆರ್ಡರ್ ಹಾಕಿದೀವಿ, ಈ ಸಲ ಜತೇಲಿ ಜಿಎಸ್‌ಪಿ-2 ಕೂಡ, ಏಜೆಂಟ್ ಮಾತ್ರ ಬೇರೆ.